ಮುಟ್ಟಿತು, ಸಂತೋಷವಾಯಿತು

ಫೆಬ್ರವರಿ 9

ಕಡ್ಡಿ,

ಫೋನಿದ್ದೂ ಅಪ್ಪ ಯಾಕೆ ಕಾಗದ ಬರೆಯುತ್ತಿದ್ದಾನೆ ಎಂದು ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ನಿನ್ನ ಅಮ್ಮ ಚೆನ್ನಾಗಿದ್ದಾಳೆ, ಈಗ ತಾನೇ ನನ್ನನ್ನು ಬೈದು ಒಳಗೆ ಹೋದಳು. ವಿಷಯ ಏನೆಂದರೆ, ನಿನ್ನೆ ಒಬ್ಬ ವಕೀಲಮ್ಮನನ್ನು ನೋಡಿ ಬಂದೆ. ಅವರು ಮೊದಲು ಹೇಳಿದ ಮಾತು, "ಇನ್ಮೇಲೆ ಎಲ್ಲಾ ಬರಹದಲ್ಲಿರ್ಲಿ ಮೇಸ್ತ್ರಿ, ಬಾಯಿಮಾತು ಬೇಡ" ಎಂದು. ಎಲ್ಲಾ ಎಂದರೆ ಎಲ್ಲಾ ತಾನೇ? ಅದಕ್ಕೇ ನಿನಗೂ ಬರೆಯುತ್ತಿದ್ದೇನೆ.

ನಿನ್ನ ಮಾವ ಕಂಟ್ರಾಕ್ಟು ಹಿಡಿದು ಕಟ್ಟಿಸಿದ ಈಜುಕೊಳಕ್ಕೆ ಟೈಲ್ಸ್ ಹಾಕಿದವನು ನಾನು. ಇದು ನಿನಗೆ ಗೊತ್ತು. ಕೆಲಸ ಮುಗಿದು, ನೀರು ತುಂಬಿಸಿ, ಮಾಲೀಕರು ಟಿಕೆಟ್ಟಿಟ್ಟು ಜನರನ್ನು ಒಳಗೆ ಬಿಡುತ್ತಿದ್ದಾರೆ. ಇದೂ ಗೊತ್ತು. ನನಗೆ ಬರಬೇಕಾದದ್ದರಲ್ಲಿ ಮುಕ್ಕಾಲು ಪಾಲು ಇನ್ನೂ ಬಂದಿಲ್ಲ. ಇದು ನಿನಗೆ ಗೊತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಆಫೀಸಿನಲ್ಲಿ ಲೆಕ್ಕ ಬರೆಯುವವಳು ನೀನೇ. ಆದರೆ ನಾನು ಕೇಳುತ್ತಿಲ್ಲ.

ಫೋನು ಮಾಡಿದಾಗಲೆಲ್ಲ ನಿನ್ನ ಮಾವ ಹೇಳುವುದು ಒಂದೇ. "ನಂಗೆ ಬಂದ ತಕ್ಷಣ ನಿಮ್ಗೇ ಮೊದ್ಲು, ಬೀಗರೇ." ಎಷ್ಟು ಪ್ರೀತಿಯಿಂದ ಹೇಳುತ್ತಾರೆಂದರೆ, ಫೋನಿಟ್ಟ ಮೇಲೆ ನಾನೇ ಅವರಿಗೆ ಏನೋ ಕೊಡಬೇಕಿತ್ತೇನೋ ಎನ್ನಿಸುತ್ತದೆ. ಬೀಗರು ಬೀಗರು ಎನ್ನುತ್ತಲೇ ಪೆಟ್ಟಿಗೆಗೆ ಬೀಗ ಜಡಿದುಬಿಟ್ಟರು ಎಂದು ನಿನ್ನ ಅಮ್ಮ ನಗುತ್ತಾಳೆ. ನನಗೆ ನಗು ಬರುವುದಿಲ್ಲ. ನನ್ನ ಆಳುಗಳು ವಾರ ವಾರ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಟೈಲ್ಸಿನ ಅಂಟು ಸಾಲ ಕೊಟ್ಟ ಅಂಗಡಿಯವನು ದಾರಿಯಲ್ಲಿ ಕಂಡರೆ ನಾನು ರಸ್ತೆ ದಾಟಿಬಿಡುತ್ತೇನೆ. ಬಾಗಿಲು ಹಾಕಿದ ಬಡಗಿಯಾದರೆ ಅದನ್ನು ಕಿತ್ತುಕೊಂಡು ಬರಬಹುದು. ನಾನು ಹಾಕಿದ್ದು ನೀರಿನಡಿ ಇದೆ.

ವಕೀಲಮ್ಮ ನಾಲ್ಕು ದಾರಿ ಹೇಳಿದರು. ಮೊದಲು ನೋಟಿಸು. ಅದಕ್ಕೆ ಬಗ್ಗದಿದ್ದರೆ ಕೊಳದ ಮಾಲೀಕರಿಗೇ ನೇರ ಬರೆಯುವುದು: ನಿಮ್ಮ ಕಂಟ್ರಾಕ್ಟರಿಗೆ ಕೊಡಬೇಕಾದದ್ದನ್ನು ಸ್ವಲ್ಪ ಹಿಡಿದುಕೊಳ್ಳಿ, ನಮ್ಮದು ಬಾಕಿ ಇದೆ ಎಂದು. ಮೂರನೆಯದು ಮಧ್ಯಸ್ಥರ ಮುಂದೆ ಕೂತು ಮಾತಾಡುವುದು. ಕೊನೆಗೆ ಕೋರ್ಟು. ಹೇಳುವಾಗ ಎಲ್ಲಾ ನೀರಿನಷ್ಟು ಸುಲಭವಾಗಿತ್ತು. ಮೆಟ್ಟಿಲಿಳಿಯುವಷ್ಟರಲ್ಲಿ ಯಾವುದು ಮೊದಲು ಯಾವುದು ಆಮೇಲೆ ಎಲ್ಲಾ ಕಲಸಿಹೋಯಿತು. "ಕರಾರು ಪತ್ರ ಎಲ್ಲಿ?" ಎಂದರು. ಬೀಗರ ನಡುವೆ ಎಂಥ ಪತ್ರ ಎಂದೆ. ಅವರು ಪೆನ್ನು ಕೆಳಗಿಟ್ಟುಬಿಟ್ಟರು.

ನೋಟಿಸು ಕಳಿಸಲೋ ಬೇಡವೋ? ಆ ಮನೆಯಲ್ಲಿ ನೀನಿದ್ದೀಯ. ನೀನು ಹೂಂ ಅಂದರೂ ನನಗೆ ಕಷ್ಟ, ಊಹೂಂ ಅಂದರೂ ಕಷ್ಟ. ಅದಕ್ಕೇ ಉತ್ತರ ಬರೆಯದಿದ್ದರೂ ಪರವಾಗಿಲ್ಲ. ಆದರೆ ಬರೆ.

ನಿನ್ನ ಅಪ್ಪ


ಫೆಬ್ರವರಿ 20

ಮಾನ್ಯರೇ,

ಈಜುಕೊಳದ ಟೈಲ್ಸ್ ಕೆಲಸಕ್ಕೆ ಸಂಬಂಧಿಸಿದಂತೆ ತಮ್ಮ ಅಂತಿಮ ಲೆಕ್ಕವನ್ನು ಚುಕ್ತಾ ಮಾಡಿ, ಬಾಕಿ ಮೊತ್ತದ ಚೆಕ್ಕನ್ನು ಲಗತ್ತಿಸಿದೆ. ಮುಟ್ಟಿದ ಬಗ್ಗೆ ಜೊತೆಯಲ್ಲಿರುವ ಕಾರ್ಡಿನಲ್ಲಿ ಬರೆದು, ಸಹಿ ಮಾಡಿ ಕೂಡಲೇ ಹಿಂದಿರುಗಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಲೆಕ್ಕಪತ್ರ ವಿಭಾಗದ ಪರವಾಗಿ


ಫೆಬ್ರವರಿ 20

ಅಪ್ಪ,

ಕವರಿನಲ್ಲಿ ಎರಡು ಕಾಗದ ಇವೆ. ಟೈಪು ಮಾಡಿದ್ದು ಆಫೀಸಿನದು, ಕೈಯಲ್ಲಿ ಬರೆದದ್ದು ನನ್ನದು. ಆಫೀಸಿನದರ ಬಗ್ಗೆ ನನ್ನ ಹತ್ತಿರ ಏನೂ ಕೇಳಬೇಡ, ಅಲ್ಲಿ ನಾನು ಬರೀ ಟೈಪು ಮಾಡುವವಳು. ಹೇಗೂ ಕವರು ಹೋಗುತ್ತದಲ್ಲ ಎಂದು ಇದನ್ನೂ ಮಡಚಿ ಹಾಕುತ್ತಿದ್ದೇನೆ.

ನೋಟಿಸಿನ ವಿಷಯಕ್ಕೆ ನಾನು ಹೂಂ ಊಹೂಂ ಎರಡೂ ಅನ್ನುವುದಿಲ್ಲ. ನಿನಗೆ ಬೇರೆ ಒಂದು ಸುದ್ದಿ ಹೇಳುತ್ತೇನೆ.

ನನಗೆ ಈಜು ಬಂತು! ನಿನ್ನ ಕೊಳದಲ್ಲೇ! ಬೆಳಿಗ್ಗೆ ಹೆಂಗಸರಿಗೆಂದೇ ಒಂದು ಹೊತ್ತು ಬಿಟ್ಟಿದ್ದಾರೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ನನಗಿಂತ ಅರ್ಧ ವಯಸ್ಸಿನವರೆಲ್ಲ ದುಡುದುಡು ಓಡಿ ಹಾರುತ್ತಾರೆ, ನಾನು ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದೆ. ಕಲಿಸುವವಳು ದಿನಾ ಬೈಯುತ್ತಿದ್ದಳು, "ಕಾಲು ಎತ್ತಮ್ಮಾ, ಕಾಲು!" ಎಂದು. ಹೇಗೆ ಎತ್ತುವುದು, ಕಾಲಡಿ ಇರುವುದು ನೀನು ಕೂರಿಸಿದ ಟೈಲ್ಸು. ಅದು ಇದೆಯಲ್ಲ ಎಂಬ ಧೈರ್ಯಕ್ಕೇ ನಾನು ಇಷ್ಟು ದಿನ ನಿಂತೇ ಇದ್ದದ್ದು. ಮೊನ್ನೆ ಹೇಗೋ ಎತ್ತಿದೆ. ಆ ತುದಿಗೆ ಹೋಗಿ ಮುಟ್ಟಿದೆ ಅಪ್ಪ. ಮುಳುಗಲಿಲ್ಲ. ಆ ತುದಿಯ ಗೋಡೆ ಹಿಡಿದು ಒಬ್ಬಳೇ ನಕ್ಕೆ, ಮೂಗಿನೊಳಗೆಲ್ಲ ನೀರು ಹೋಯಿತು.

ಇಲ್ಲಿ ಯಾರಿಗೂ ಇಷ್ಟು ಖುಷಿಯಾಗಿ ಹೇಳಿಲ್ಲ. ನಿನ್ನ ಅಳಿಯ "ಒಳ್ಳೇದಾಯ್ತು" ಅಂದರು. ಅಮ್ಮನಿಗೆ ಓದಿ ಹೇಳು.

ನಿನ್ನ ಕಡ್ಡಿ


ಫೆಬ್ರವರಿ 26
(ಕಾರ್ಡು)

ಮುಟ್ಟಿತು. ತುಂಬಾ ಸಂತೋಷವಾಯಿತು. ನನಗೆ ಇನ್ನೇನೂ ಬೇಡ. ಹೀಗೇ ಚೆನ್ನಾಗಿರಿ.

ಸಹಿ: (ಟೈಲ್ಸ್ ಮೇಸ್ತ್ರಿಯ ಸಹಿ)


ಮಾರ್ಚ್ 28

ಕಡ್ಡಿ,

ನಾನೊಂದು ಎಡವಟ್ಟು ಮಾಡಿದ್ದೇನೆ. ಎಡವಟ್ಟೋ ಅಲ್ಲವೋ ಎಂಬುದೇ ಇನ್ನೂ ಸರಿಯಾಗಿ ತಿಳಿದಿಲ್ಲ. ನೀನೇ ಓದಿ ಹೇಳು.

ಚೆಕ್ಕು ಬರುತ್ತದೆ ಬರುತ್ತದೆ ಎಂದು ಕಾದೆ. ನಿಮ್ಮ ಕವರನ್ನು ಬಂದ ದಿನವೇ ತಲೆಕೆಳಗು ಮಾಡಿ ಕೊಡವಿದ್ದೆ, ಅದರಲ್ಲಿ ಚೆಕ್ಕಿರಲಿಲ್ಲ. ದೊಡ್ಡ ಆಫೀಸು, ಬೇರೆ ಅಂಚೆಯಲ್ಲಿ ಬರಬಹುದು ಅಂದುಕೊಂಡೆ. ಬರಲಿಲ್ಲ. ಕೊನೆಗೆ ವಕೀಲಮ್ಮನಿಗೆ ಹೂಂ ಎಂದೆ, ಅವರು ನೋಟಿಸು ಕಳಿಸಿದರು. ನಿನಗೆ ಹೇಳದೆ ಕಳಿಸಿದ್ದಕ್ಕೆ ಕೋಪ ಮಾಡಿಕೊಳ್ಳಬೇಡ. ಹೇಳಿದ್ದರೂ ನೀನು ಕೋಪ ಮಾಡಿಕೊಳ್ಳುತ್ತಿದ್ದೆ.

ಈ ವಾರ ಉತ್ತರ ಬಂತು. ವಕೀಲಮ್ಮ ನನ್ನನ್ನು ಕರೆಸಿ ಎದುರಿಗೆ ಕೂರಿಸಿಕೊಂಡರು. "ಮೇಸ್ತ್ರಿ, ದುಡ್ಡು ಬಂದಿದೆ ಅಂತ ನೀವೇ ಬರ್ಕೊಟ್ಟಿದ್ದೀರಲ್ಲ!" ಎಂದರು. ನಾನು ಕಣ್ಣು ಕಣ್ಣು ಬಿಟ್ಟೆ. ಒಂದು ಕಾಗದ ನನ್ನ ಕಡೆಗೆ ತಿರುಗಿಸಿದರು. ನೋಡುತ್ತೇನೆ, ನಾನು ನಿನಗೆ ಬರೆದ ಕಾರ್ಡಿನ ನಕಲು!

"ಇದು ನಿಮ್ದೇ ಸಹೀನಾ?"

"ನಂದೇ."

"ಏನು ಮುಟ್ಟಿತು?"

"ಮಗಳ ಕಾಗದ."

"ಮತ್ತೆ ಸಂತೋಷ?"

"ಅವ್ಳಿಗೆ ಈಜು ಬಂತಲ್ಲ, ಅದಕ್ಕೆ."

ವಕೀಲಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ನಗಲಿಲ್ಲ.

ಕಡ್ಡಿ, ಆಫೀಸಿನ ಕಾಗದವನ್ನು ಚೆಕ್ಕು ಎಂಬಲ್ಲಿಯವರೆಗೆ ಮಾತ್ರ ಓದಿದ್ದೆ, ಆ ಕಾರ್ಡನ್ನು ನೀನೇ ಇಟ್ಟಿದ್ದೀಯ ಎಂದುಕೊಂಡೆ. ಅಪ್ಪ ಉತ್ತರ ಬರೆಯಲು ಸೋಮಾರಿ, ಅಂಚೆಚೀಟಿ ಅಂಟಿಸಿದ ಕಾರ್ಡಿದ್ದರೆ ಬರೆದಾನು ಎಂದು. ನಿನ್ನ ಕಾಗದವನ್ನು ಅಮ್ಮನಿಗೆ ಓದಿ ಹೇಳಿ, ಅವಳು ಕಣ್ಣಲ್ಲಿ ನೀರು ತಂದುಕೊಂಡು, ನಾನೂ ತಂದುಕೊಂಡು, ಅದೇ ಗಳಿಗೆಯಲ್ಲಿ ಕೂತು ಬರೆದುಬಿಟ್ಟೆ. ಕಾರ್ಡು ನನ್ನ ಅಂಗೈಯಷ್ಟೂ ಇರಲಿಲ್ಲ. ಇನ್ನೇನು ಬರೆಯಲಿ? ಕೆಳಗೆ ಸಹಿ ಎಂದು ಗೆರೆ ಎಳೆದಿತ್ತು, ಹಾಕಿದೆ. ಗೆರೆ ಕಂಡಲ್ಲಿ ಸಹಿ ಹಾಕುವುದು ನನ್ನ ಹಳೆಯ ರೋಗ ಎಂದು ಅಮ್ಮ ಹೇಳುತ್ತಾಳೆ.

ಆ ಕಾರ್ಡನ್ನು ನಿನ್ನ ಮಾವ ಕೊಳದ ಮಾಲೀಕರಿಗೂ ತೋರಿಸಿದ್ದಾರಂತೆ. ಕೆಳಗಿನವರಿಗೆಲ್ಲ ಕೊಟ್ಟಾಗಿದೆ ಎಂದು ತೋರಿಸಿದರೆ ಮಾತ್ರ ಮಾಲೀಕರು ತಡೆಹಿಡಿದದ್ದನ್ನು ಬಿಡುಗಡೆ ಮಾಡುತ್ತಾರಂತೆ. ಹಾಗಾಗಿ ಮಾಲೀಕರಿಗೆ ಬರೆಯುವ ಎರಡನೆಯ ದಾರಿ ಮುಚ್ಚಿಹೋಯಿತು ಎನ್ನುತ್ತಾರೆ ವಕೀಲಮ್ಮ. ನಿನ್ನ ಮಾವ ಬೇಕೆಂದೇ ಮಾಡಿದರೋ, ಕಾರ್ಡು ನೋಡಿ ಚೆಕ್ಕು ಹೋಗಿದೆ ಎಂದು ಅವರೂ ನಂಬಿದರೋ? ನನಗೆ ಒಂದೂ ತಲೆಬುಡ ತಿಳಿಯದು. ನಾನು ನಿಜಕ್ಕೂ "ಇನ್ನೇನೂ ಬೇಡ" ಎಂದು ಬರೆದೆನಲ್ಲ. ಬರೆದದ್ದು ಸುಳ್ಳೂ ಅಲ್ಲ.

ನಿನ್ನೆ ಆ ಕಡೆ ಬಂದಿದ್ದೆ. ನಿನ್ನ ಮನೆಗೆ ಬರಲು ಮುಖವಿರಲಿಲ್ಲ. ಟಿಕೆಟ್ಟು ತೆಗೆದುಕೊಂಡು ಕೊಳಕ್ಕೆ ಹೋದೆ. ನಾನು ಹಾಕಿದ ಟೈಲ್ಸು ನೋಡಲು ನಾನೇ ದುಡ್ಡು ಕೊಟ್ಟೆ! ಬಾಗಿಲಲ್ಲಿದ್ದವನು "ಈಜೋ ಬಟ್ಟೆ ಇಲ್ದೆ ಒಳಗ್ ಬಿಡಲ್ಲ" ಎಂದ. ಬೆಂಚಿನ ಮೇಲೆ ಸುಮ್ಮನೆ ಕೂರುತ್ತೇನೆ ಎಂದು ಹೇಳಿ ಒಳಗೆ ಹೋದೆ. ಆಳದ ಕಡೆಗೆ ಇಳಿಯುವ ನೆಲದ ವಾಟ ಚೆನ್ನಾಗಿ ಬಂದಿದೆ. ಮೂಲೆಯಲ್ಲಿ ಒಂದು ಸಂದು ಸ್ವಲ್ಪ ಕಪ್ಪಾಗಿದೆ, ಉಜ್ಜಿಸಲು ಹೇಳು. ಯಾರಿಗೆ ಹೇಳುತ್ತೀ, ಬಿಡು.

ನೀನು ಟೈಪು ಮಾಡುವಾಗ ಚೆಕ್ಕು ಇತ್ತೇ ಎಂದು ಕೇಳಬೇಕೆಂದು ಕೂತೆ. ಕೇಳುತ್ತಿಲ್ಲ.

ನಿನ್ನ ಅಪ್ಪ


ಏಪ್ರಿಲ್ 11

ಅಪ್ಪ,

ಕೇಳುತ್ತಿಲ್ಲ ಕೇಳುತ್ತಿಲ್ಲ ಎಂದು ಎಷ್ಟು ಸಲ ಬರೆಯುತ್ತೀ? ಕೇಳಬೇಡ. ಕೇಳಿದರೆ ಹೇಳಿಬಿಡುತ್ತೇನೆ. ಎಲ್ಲವನ್ನೂ ಕಡ್ಡಿ ಮುರಿದ ಹಾಗೆ ಹೇಳುತ್ತಾಳೆ ಎಂದು ನೀನೇ ಅಲ್ಲವೇ ನನಗೆ ಆ ಹೆಸರಿಟ್ಟದ್ದು? ಅಮ್ಮ ಮಾತ್ರ ನಾನು ಕಡ್ಡಿಯ ಹಾಗೆ ಸಣ್ಣಗಿದ್ದೆ ಅದಕ್ಕೆ ಅನ್ನುತ್ತಾಳೆ. ಅದೂ ಇತ್ಯರ್ಥವಾಗಿಲ್ಲ.

ನಿನ್ನ ಕಾರ್ಡು ಆಫೀಸಿಗೆ ಬಂದಾಗ ನಾನೇ ಅಂಚೆಯವನಿಂದ ತೆಗೆದುಕೊಂಡೆ. ಓದಿ ಎದೆಗೆ ಹಿಡಿದುಕೊಂಡೆ. ನನಗೆ ಬರೆದದ್ದೆಂದು ಮೊದಲ ಅಕ್ಷರಕ್ಕೇ ಗೊತ್ತಾಯಿತು. ಡ್ರಾಯರಿನಲ್ಲಿಟ್ಟೆ. ಊಟ ಮುಗಿಸಿ ಬರುವಷ್ಟರಲ್ಲಿ ಮಾವ ಬಂದಿದ್ದರು, "ಬೀಗರ ಕಾರ್ಡ್ ಬಂತಂತಲ್ಲ, ಕೊಡಮ್ಮ" ಎಂದರು. ಕೊಟ್ಟೆ. ಅದು ನನ್ನದು ಮಾವ ಎಂದು ಬಾಯಿಗೆ ಬಂತು. ಬಂದದ್ದನ್ನು ಯಾಕೆ ನುಂಗಿದೆನೋ ಗೊತ್ತಿಲ್ಲ. ಆ ಹೊತ್ತಿನಲ್ಲಿ ಅದೇನು ಅಷ್ಟು ದೊಡ್ಡ ವಿಷಯ ಎನ್ನಿಸಲಿಲ್ಲ.

ಈಗ ಮಾವನನ್ನು ನೋಡಿದರೆ ನನಗೆ ಏನು ಯೋಚಿಸಬೇಕೋ ತಿಳಿಯುವುದಿಲ್ಲ. ಅವರು ಕೆಟ್ಟವರಲ್ಲ ಅಪ್ಪ. ನಾನು ಕೆಮ್ಮಿದರೆ ಕಿಟಕಿ ಮುಚ್ಚುತ್ತಾರೆ. ಹೊಸ ಕೆಲಸ ಹಿಡಿದಿದ್ದಾರೆ, ಅಲ್ಲಿ ಮುಂಚಿತವಾಗಿ ಸಾಮಾನು ತರಬೇಕು, ಅಲ್ಲಿಂದ ಬಂದರೆ ಇಲ್ಲಿಗೆ, ಇಲ್ಲಿಂದ ಬಂದರೆ ಅಲ್ಲಿಗೆ. ಹೀಗೆ ಒಂದರ ಬಾಯಿಗೆ ಇನ್ನೊಂದನ್ನು ಹಾಕುತ್ತಾ ಓಡುತ್ತಿದ್ದಾರೆ. ಕೊಳದ ಮಾಲೀಕರು ಕೊಟ್ಟಿದ್ದಾರೋ ಇಲ್ಲವೋ ಎಂದು ನೀನು ಕೇಳಿಲ್ಲ, ನಾನೂ ಹೇಳುತ್ತಿಲ್ಲ. "ನಿಮ್ಮಪ್ಪ ಎಲ್ಲಿ ಹೋಗ್ತಾರಮ್ಮ, ನಮ್ಮವರೇ ತಾನೇ" ಅನ್ನುತ್ತಾರೆ. ಹೊರಗಿನವರೆಲ್ಲ ಬಂದು ಜಗಳವಾಡಿ ತೆಗೆದುಕೊಂಡು ಹೋದರು, ನಮ್ಮವನು ಎಂಬ ಕಾರಣಕ್ಕೇ ನೀನು ಉಳಿದೆ.

ನಿನ್ನ ಅಳಿಯನ ಹತ್ತಿರ ಹೇಳಿದೆ. ಅವರು ಊಟ ಮುಗಿಸಿದರು. ಕೈತೊಳೆದು ಬಂದು "ನೀನು ಏನ್ ಮಾಡಿದ್ರೂ ನಾನ್ ಬೇಡ ಅನ್ನಲ್ಲ" ಎಂದರು. ಇದು ಧೈರ್ಯ ಹೇಳಿದ್ದೋ, ಕೈತೊಳೆದುಕೊಂಡದ್ದೋ?

ಈಜಲು ಹೋಗುವುದು ಬಿಟ್ಟಿದ್ದೇನೆ. ಹೋದರೆ ಕಾಲಡಿ ನೋಡುತ್ತೇನೆ, ನೋಡಿದರೆ ಮುಳುಗುತ್ತೇನೆ.

ಕಡ್ಡಿ


ಮೇ 3

ಕಡ್ಡಿ,

ಇನ್ನು ಎರಡೇ ದಾರಿ ಉಳಿದಿವೆಯಂತೆ. ಕೋರ್ಟಿಗೆ ಹೋದರೆ ವರ್ಷಗಟ್ಟಲೆ. ಅದಕ್ಕೇ ವಕೀಲಮ್ಮ ಮಧ್ಯಸ್ಥರ ಮುಂದೆ ಕೂರುವುದಕ್ಕೆ ಅರ್ಜಿ ಹಾಕಿದರು, ನಿನ್ನ ಮಾವ ಒಪ್ಪಿದ್ದಾರೆ. ಬರುವ ಹದಿನೆಂಟಕ್ಕೆ.

ಒಂದು ಮಾತು ಮಾತ್ರ ಇಡೀ ತಿಂಗಳು ನನ್ನ ತಲೆ ತಿಂದಿದೆ. ವಕೀಲಮ್ಮ ಹೇಳುತ್ತಾರೆ, "ಕರಾರು ಇಲ್ದಿದ್ರೂ ಪರವಾಗಿಲ್ಲ, ಕೆಲಸ ಮಾಡಿದ್ದು ಕಣ್ಣಿಗೆ ಕಾಣ್ಸುತ್ತೆ. 'ನಂಗೆ ಬಂದ್ಮೇಲೆ ನಿಮ್ಗೆ' ಅನ್ನೋದು ಯಾವತ್ತೂ ಕೊಡಲ್ಲ ಅಂತ ಅಲ್ಲ, ಅದನ್ನೂ ನೋಡ್ಕೊಳ್ಳೋಣ. ಆದ್ರೆ ಈ ಕಾರ್ಡು ಒಂದು ಗೋಡೆ. ಅದನ್ನ ದಾಟ್ಬೇಕಂದ್ರೆ ನಿಮ್ಮ ಮಗಳು ಬಂದು, ಅದು ನಂಗೆ ಬರ್ದಿದ್ದು ಅಂತ ಹೇಳ್ಬೇಕು. ಇಲ್ಲಾಂದ್ರೆ ಅವಳ ಕಾಗದ ತೋರಿಸ್ಬೇಕು."

ನಿನ್ನ ಕಾಗದ ನನ್ನ ಪೆಟ್ಟಿಗೆಯಲ್ಲಿದೆ. ತೋರಿಸುವುದಿಲ್ಲ ಎಂದುಬಿಟ್ಟೆ. ಅದು ನನ್ನ ಮಗಳು ನನಗೆ ಬರೆದದ್ದು, ಈಜಿನ ವಿಷಯ, ಯಾರ್ಯಾರೋ ಕೂತು ಓದಲಿಕ್ಕಲ್ಲ. ವಕೀಲಮ್ಮನಿಗೆ ಸಿಟ್ಟು ಬಂತು. "ಹಾಗಾದ್ರೆ ನನ್ ಹತ್ರ ಯಾಕ್ ಬಂದ್ರಿ?" ಎಂದರು.

ಟೈಲ್ಸ್ ಕತ್ತರಿಸುವ ದೊಡ್ಡ ಮಿಷನ್ ಮಾರಿಬಿಟ್ಟೆ. ಆಳುಗಳಿಗೆ ಸ್ವಲ್ಪ ಕೊಟ್ಟೆ. ಅವರಲ್ಲಿ ದೊಡ್ಡಣ್ಣ, ನಿನಗೆ ನೆನಪಿದೆಯಲ್ಲ, ಸಂದು ತುಂಬುವುದರಲ್ಲಿ ಎತ್ತಿದ ಕೈ, ಅವನು ಬೇರೆ ಮೇಸ್ತ್ರಿಯ ಹತ್ತಿರ ಹೋದ. ಹೋಗುವಾಗ "ನಿಮ್ ಮೇಲೆ ಸಿಟ್ಟಿಲ್ಲ ಮೇಸ್ತ್ರಿ, ಮನೇಲಿ ಅನ್ನ ಬೇಯ್ಬೇಕಲ್ಲ" ಎಂದ. ಅವನಿಗೆ ನಾನೇ ನಿನ್ನ ಮಾವ. ನನಗೆ ಬಂದ ಮೇಲೆ ನಿನಗೆ ಎಂದು ನಾನೂ ಹೇಳಿದ್ದೆ. ಹೇಳುವಾಗ ನನ್ನ ದನಿ ಅವರ ದನಿಯ ಹಾಗೇ ಕೇಳಿಸಿತು, ನಾಚಿಕೆಯಾಯಿತು.

ನೀನು ಬರಬೇಡ. ಇದನ್ನು ಕೇಳಿಕೊಳ್ಳುತ್ತಿಲ್ಲ, ಹೇಳುತ್ತಿದ್ದೇನೆ. ಸಾಯಂಕಾಲ ನೀನು ಹಿಂತಿರುಗಬೇಕಾದದ್ದು ಆ ಮನೆಗೇ. ನಾನು ಕಾರ್ಡಿನ ಗೋಡೆಯ ಈ ಕಡೆಯೇ ನಿಂತು ಏನಾದರೂ ಹೇಳುತ್ತೇನೆ. ಕೊಟ್ಟರೆ ಕೊಡಲಿ, ಬಿಟ್ಟರೆ ಬಿಡಲಿ. ಕೈ ಗಟ್ಟಿಯಿದೆ, ಇನ್ನೆರಡು ಕೆಲಸ ಹಿಡಿದರೆ ಸಾಲ ತೀರುತ್ತದೆ.

ನಿನ್ನ ಅಪ್ಪ


ಮೇ 21

ಕಡ್ಡಿ,

ಬರಬೇಡ ಎಂದರೆ ಬಂದುಬಿಡುವವಳು ನೀನು ಎಂದು ನನಗೆ ಗೊತ್ತಿರಬೇಕಿತ್ತು. ಆದರೆ ನೀನು ಬಂದದ್ದು ಅವರ ಕಡೆಯಿಂದ. ನಿನ್ನ ಮಾವನ ಹಿಂದೆ, ಆಫೀಸಿನ ಫೈಲು ಹಿಡಿದುಕೊಂಡು, ಮೇಜಿನ ಆಚೆ ಕೂತೆ. ನಾನು ಏನೇನೋ ಅಂದುಕೊಂಡೆ, ಅದನ್ನೆಲ್ಲ ಬರೆಯುವುದಿಲ್ಲ. ನೀನು ನನ್ನ ಕಡೆ ನೋಡಲೇ ಇಲ್ಲ.

ನಿನ್ನ ಅಮ್ಮ ಅಲ್ಲಿರಲಿಲ್ಲವಲ್ಲ, ದಿನಕ್ಕೆ ಹತ್ತು ಸಲ ಹೇಳಿಸುತ್ತಾಳೆ. ಹೇಳಿ ಹೇಳಿ ನನಗೆ ಈಗ ಬಾಯಿಪಾಠವಾಗಿದೆ. ಆದರೂ ಅರ್ಥವಾಗಿಲ್ಲ, ಅದಕ್ಕೇ ನಿನಗೂ ಬರೆಯುತ್ತೇನೆ. ತಪ್ಪಿದ್ದರೆ ತಿದ್ದು.

ಮಧ್ಯಸ್ಥರು ಕಾರ್ಡನ್ನು ಗಟ್ಟಿಯಾಗಿ ಓದಿದರು. "ಮುಟ್ಟಿತು, ಸಂತೋಷವಾಯಿತು, ಇನ್ನೇನೂ ಬೇಡ. ಇದಕ್ಕಿಂತ ಸ್ಪಷ್ಟ ಏನಿದೆ?" ಎಂದು ನನ್ನನ್ನು ನೋಡಿದರು. ವಕೀಲಮ್ಮ ನನ್ನ ಕಾಲನ್ನು ಮೇಜಿನಡಿ ಒದ್ದರು. ಅಷ್ಟರಲ್ಲಿ ನೀನು ಎದ್ದು ನಿಂತೆ. ಎದ್ದು ನಿಲ್ಲಬೇಕಿರಲಿಲ್ಲ, ಅಲ್ಲಿ ಎಲ್ಲರೂ ಕೂತೇ ಮಾತಾಡುತ್ತಾರೆ.

"ಆ ಕಾರ್ಡ್ ನಂಗೆ ಬರ್ದಿದ್ದು ಸರ್" ಎಂದೆ. "ನಂಗೆ ಈಜು ಬಂತು ಅಂತ ಅಪ್ಪಂಗೆ ಬರ್ದಿದ್ದೆ. ಅದಕ್ಕೆ ಉತ್ತರ."

ನಿನ್ನ ಮಾವ "ಏನಮ್ಮಾ ಇದು" ಎಂದರು. ಬೈಯಲಿಲ್ಲ. ಮೆಲ್ಲಗೇ ಎಂದರು.

ನೀನು ಅವರ ಕಡೆಗೇ ತಿರುಗಿದೆ. "ಮಾವ, ಆ ಕವರು ಅಂಟಿಸಿದ್ದು ನಾನು. ಒಳಗೆ ಚೆಕ್ ಇರ್ಲಿಲ್ಲ. ಚೆಕ್ ಎಲ್ಲಿ ಅಂತ ಕೇಳ್ದೆ, ನೀವು ಅಂಟಿಸಮ್ಮ ಅಂದ್ರಿ. ಮಾಲೀಕರ ದುಡ್ಡು ಹೋದ ತಿಂಗಳೇ ಬಂದಿದೆ. ಅದು ಹೊಸ ಕೆಲಸಕ್ಕೆ ಹೋಯ್ತು. ಬರ್ದೋಳು ನಾನೇ."

ನಿನ್ನ ಮಾವ ಕೈಯನ್ನು ಮೇಜಿನ ಮೇಲಿಟ್ಟು ಬೆರಳು ನೋಡಿಕೊಂಡರು. ಆಮೇಲೆ ಯಾರೂ ಒತ್ತಾಯ ಮಾಡದೆಯೇ ಕಂತಿನಲ್ಲಿ ಕೊಡುವುದಾಗಿ ಒಪ್ಪಿ ಬರೆದುಕೊಟ್ಟರು. ಬರೆಯುವಾಗ ಅವರ ಕನ್ನಡಕ ಜಾರುತ್ತಿತ್ತು, ನೀನು ಅಭ್ಯಾಸಬಲದಿಂದ ಅವರ ಮುಂದೆ ಕಾಗದ ಜೋಡಿಸಿ ಹಿಡಿದುಕೊಂಡೆ. ಅದನ್ನು ನೋಡಿ ನನಗೆ ಅಳು ಬಂದುಬಿಟ್ಟಿತು. ಗೆದ್ದವನು ಅಳುವುದು ಯಾಕೆ ಎಂದು ವಕೀಲಮ್ಮನಿಗೆ ಅರ್ಥವಾಗಲಿಲ್ಲ.

ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತೆ. ನಿನ್ನ ಮಾವ ಕಾರಿನ ಬಾಗಿಲು ತೆಗೆದರು. ನೀನು ಅದನ್ನು ಹತ್ತುತ್ತೀಯೋ ಇಲ್ಲವೋ ಎಂದು ನೋಡಲು ಧೈರ್ಯವಾಗದೆ ನಾನು ಗೋಡೆಯ ಕಡೆ ತಿರುಗಿ ನಿಂತೆ. ಗೋಡೆಗೆ ಹಾಕಿದ ಟೈಲ್ಸು ಯಾರೋ ಅಡ್ಡಾದಿಡ್ಡಿ ಹಾಕಿದ್ದರು. ತಿರುಗುವಷ್ಟರಲ್ಲಿ ಕಾರೂ ಇರಲಿಲ್ಲ, ನೀನೂ ಇರಲಿಲ್ಲ.

ಯಾವುದರಲ್ಲಿ ಮನೆಗೆ ಹೋದೆ? ಹೋಗಿ ಏನಾಯಿತು? ಈ ಸಲ ಕೇಳುತ್ತಿದ್ದೇನೆ ಕಡ್ಡಿ. ಫೋನೂ ಎತ್ತುತ್ತಿಲ್ಲ ನೀನು.

ಅಪ್ಪ


ಜೂನ್ 15

ಮಾನ್ಯರೇ,

ಒಪ್ಪಂದದ ಪ್ರಕಾರ ಮೊದಲ ಕಂತಿನ ಚೆಕ್ಕನ್ನು ಲಗತ್ತಿಸಿದೆ. ಸ್ವೀಕರಿಸಿದ ಬಗ್ಗೆ ತಿಳಿಸಿ.

ತಮ್ಮ ವಿಶ್ವಾಸಿ,
ಲೆಕ್ಕಪತ್ರ ವಿಭಾಗದ ಪರವಾಗಿ


ಜೂನ್ 24

ಕಡ್ಡಿ,

ಇದು ನಿನ್ನ ಕೈಗೆ ಸೇರುತ್ತದೋ ಇಲ್ಲವೋ ಗೊತ್ತಿಲ್ಲ. ಹಿಂದಿನದಕ್ಕೆ ನೀನು ಉತ್ತರ ಬರೆಯಲಿಲ್ಲ.

ಚೆಕ್ಕು ಬಂತು. ಈ ಸಲ ಕವರಿನೊಳಗೆ ನಿಜವಾಗಿಯೂ ಇತ್ತು. ಆಳುಗಳೆಲ್ಲ ಸುದ್ದಿ ಕೇಳಿ ಬಂದು ಬಾಗಿಲಲ್ಲಿ ನಿಂತಿದ್ದಾರೆ, ಅಮ್ಮ ಎಲ್ಲರಿಗೂ ಕುಡಿಯಲು ಕೊಡುತ್ತಿದ್ದಾಳೆ. ನಾನು ಒಳಗೆ ಕೂತು ನಿಮ್ಮ ಆಫೀಸಿನ ಕಾಗದವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೇನೆ. ಕೆಳಗಿನ ಸಹಿ ನಿನ್ನದಲ್ಲ. ನಿನ್ನ ಸಹಿಯ ಕೊನೆಯಲ್ಲಿ ಒಂದು ಬಾಲವಿರುತ್ತದೆ, ನೀನು ಶಾಲೆಯಲ್ಲಿ ಹಾಕುತ್ತಿದ್ದ ಬಾಲ. ಇದರಲ್ಲಿ ಬಾಲವಿಲ್ಲ. ಬೇರೆ ಯಾರದೋ ಕೈ.

ಚೆಕ್ಕನ್ನು ಬ್ಯಾಂಕಿಗೆ ಹಾಕಲು ಹೊರಟವನು ಮತ್ತೆ ಬಂದು ಕೂತೆ. ಹಾಕಿದರೆ ನಿನ್ನನ್ನು ಮಾರಿದ ಹಾಗಾಗುತ್ತದೋ ಎನ್ನಿಸಿತು. ಅಮ್ಮ ಬೈದಳು, "ಅವಳು ಅಷ್ಟು ಕಷ್ಟಪಟ್ಟು ಕೊಡ್ಸಿದ್ದನ್ನ ಹಾಕ್ದೆ ಇದ್ರೆ ಅದೇ ಅವಳಿಗೆ ಮಾಡೋ ಅವಮಾನ" ಎಂದಳು. ಅದೂ ಸರಿ ಎನ್ನಿಸಿತು. ಎರಡೂ ಹೇಗೆ ಸರಿಯಾಗುತ್ತವೆ?

ಆಳುಗಳ ಮುಖ ನೋಡಿ ಕೊನೆಗೆ ಹಾಕಿದೆ. ದೊಡ್ಡಣ್ಣನಿಗೂ ಹೇಳಿಕಳಿಸಿ ಕೊಟ್ಟೆ. ಮನೆಗೆ ಬಂದು ಊಟ ಮಾಡಲಿಲ್ಲ.

ಎಲ್ಲಿದ್ದೀಯ?

ಅಪ್ಪ


ಜುಲೈ 8

ಅಪ್ಪ,

ಕವರಿನ ಮೇಲಿನ ವಿಳಾಸ ನೋಡು, ಹೊಸದು. ನಿನ್ನ ಎರಡು ಕಾಗದವನ್ನೂ ಅತ್ತೆ ಒಂದು ಚೀಲದಲ್ಲಿಟ್ಟು, ನನ್ನ ಚಪ್ಪಲಿಯ ಜೊತೆ ಕೊಟ್ಟುಕಳಿಸಿದ್ದರು. ನಿನ್ನೆ ಸಿಕ್ಕಿತು. ಫೋನು ಎತ್ತದೆ ಇದ್ದದ್ದಕ್ಕೆ ಎಷ್ಟು ಬೇಕಾದರೂ ಬೈ. ನಿನ್ನ ದನಿ ಕೇಳಿದರೆ ಅತ್ತುಬಿಡುತ್ತಿದ್ದೆ, ನಾನು ಅತ್ತರೆ ನೀನು ಚೆಕ್ಕು ಹರಿದುಹಾಕುತ್ತಿದ್ದೆ.

ಆ ದಿನ ಮಾವನ ಕಾರಿನಲ್ಲೇ ಹೋದೆ. ಮನೆ ಹತ್ತಿರ ಬಂದಾಗ "ಕೆಮ್ಮು ಕಮ್ಮಿ ಆಯ್ತಾ?" ಎಂದರು. ಅಷ್ಟೇ. ಮರುದಿನ ಆಫೀಸಿಗೆ ಹೋದರೆ ನನ್ನ ಕುರ್ಚಿಯಲ್ಲಿ ಬೇರೆ ಹುಡುಗಿ ಕೂತಿದ್ದಳು. ಅವಳಿಗೆ ಲೆಕ್ಕ ಹೇಳಿಕೊಟ್ಟೆ, ಎಲ್ಲವನ್ನೂ, ಎಲ್ಲಿ ಏನಿದೆ ಎಂದು. ಮನೆಗೆ ಬಂದು ಬಟ್ಟೆ ಕಟ್ಟಿಕೊಂಡೆ. ಹೋಗು ಎಂದು ಯಾರೂ ಅನ್ನಲಿಲ್ಲ. ಇರು ಎಂದೂ ಯಾರೂ ಅನ್ನಲಿಲ್ಲ. ನಾವಾಗಿಯೇ ಹೊರಟೆವೋ, ಅವರು ಕಳಿಸಿದರೋ, ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ. ನಿನ್ನ ಅಳಿಯ ಬಂದು ಗಂಟಿನ ಇನ್ನೊಂದು ತುದಿ ಹಿಡಿದುಕೊಂಡರು. ಅವತ್ತು ಊಟದ ಹೊತ್ತಿನಲ್ಲಿ ಹೇಳಿದ್ದರ ಅರ್ಥ ಆಗ ಗೊತ್ತಾಯಿತು.

ಒಂದು ವಿಷಯ ನಿನ್ನ ವಕೀಲಮ್ಮನನ್ನು ಕೇಳಬೇಕು. ಆಫೀಸು ಬಿಟ್ಟು ಬರುವಾಗ ನನಗೆ ಬರಬೇಕಾದ ಸಂಬಳ ಎಷ್ಟು ಎಂದು ಲೆಕ್ಕ ಹಾಕಲು ಕೂತೆ. ಸಂಬಳದ ಪಟ್ಟಿ ತೆಗೆದು ನೋಡಿದೆ. ನನ್ನ ಹೆಸರೇ ಇಲ್ಲ! ಮದುವೆಯಾಗಿ ಬಂದಾಗಿನಿಂದ ದಿನಾ ಆ ಕುರ್ಚಿಯಲ್ಲಿ ಕೂತಿದ್ದೇನೆ, ಒಂದು ತಿಂಗಳೂ ನನ್ನ ಹೆಸರಿಲ್ಲ. ಮನೆಯವಳು ತಾನೇ ಎಂದು ಬಿಟ್ಟಿದ್ದಾರೆ. ಆ ಪಟ್ಟಿ ಬರೆಯುತ್ತಿದ್ದವಳೂ ನಾನೇ ಅಪ್ಪ. ಇಷ್ಟು ವರ್ಷ ಬೇರೆಯವರೆಲ್ಲರ ಹೆಸರು ಬರೆದೆ, ಕೂಡಿದೆ, ತಾಳೆ ನೋಡಿದೆ, ಒಬ್ಬಳನ್ನು ಬಿಟ್ಟಿದ್ದೇನೆ ಎಂದು ಹೊಳೆಯಲೇ ಇಲ್ಲ. ನನಗೆ ಯಾವ ದಾರಿ? ಮಾವನಿಗೆ ನೋಟಿಸು ಎಂದು ನೆನೆದರೆ ನಗು ಬರುತ್ತದೆ, ನಗು ಮುಗಿಯುವಷ್ಟರಲ್ಲಿ ಸಿಟ್ಟು ಬರುತ್ತದೆ. ಸುಮ್ಮನೆ ಕೇಳಿ ನೋಡು. ನೋಟಿಸು ಕಳಿಸುತ್ತೇನೆ ಎಂದು ಇನ್ನೂ ಹೇಳಿಲ್ಲ. ಕಳಿಸುವುದಿಲ್ಲ ಎಂದೂ ಹೇಳಿಲ್ಲ.

ನನಗೆ ಒಂದು ಔಷಧದ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿದೆ. ಮೊದಲ ದಿನವೇ ಸಂಬಳ ಎಷ್ಟು, ಯಾವ ತಾರೀಖು ಎಂದು ಕೇಳಿದೆ. ಅಂಗಡಿಯವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ನೋಡಲಿ.

ಬಾಡಿಗೆಗೆ ಎರಡು ಕೋಣೆ ಹಿಡಿದಿದ್ದೇವೆ. ಒಂದರ ಕಿಟಕಿಯಿಂದ ಬಸ್ಸು ನಿಲ್ಲುವುದು ಕಾಣಿಸುತ್ತದೆ. ಬಚ್ಚಲಿನ ಗೋಡೆ ಮಾತ್ರ ಬೋಳು, ಸಿಮೆಂಟು ಉದುರುತ್ತಿದೆ, ನೆಲದ ವಾಟ ತಿರುಗಾಮುರುಗಾ ಆಗಿ ನೀರು ಬಾಗಿಲ ಕಡೆಗೇ ಹರಿದು ಬರುತ್ತದೆ. ಸರಿಮಾಡಿಸಿಕೊಂಡರೆ ಬಾಡಿಗೆಯಲ್ಲಿ ಮುರಿದುಕೊಳ್ಳುತ್ತೇನೆ ಎಂದು ಮನೆಯೊಡತಿ ಬರೆದುಕೊಟ್ಟಿದ್ದಾಳೆ. ನೀನೇ ಬಂದು ಮಾಡಿಕೊಡಬೇಕು. ಅಮ್ಮನನ್ನೂ ಕರೆದುಕೊಂಡು ಬಾ, ದೊಡ್ಡಣ್ಣ ಬರುವುದಾದರೆ ಅವನೂ ಬರಲಿ.

ಆದರೆ ಬರುವ ಮೊದಲು ಕೂಲಿ ಎಷ್ಟು, ಸಾಮಾನು ಎಷ್ಟು ಎಂದು ಬರೆದು ಕಳಿಸು. ನಾನು ಸಹಿ ಹಾಕಿ, ಮುಂಗಡ ಇಟ್ಟು ವಾಪಸ್ಸು ಕಳಿಸುತ್ತೇನೆ. ಮಗಳ ಮನೆ ಎಂದು ಸುಮ್ಮನೆ ಕರಣಿ ಹಿಡಿದುಕೊಂಡು ಬಂದು ನಿಂತರೆ, ನೋಡು, ಬಾಗಿಲೇ ತೆಗೆಯುವುದಿಲ್ಲ.

ನಿನ್ನ ಕಡ್ಡಿ